ಸವೆದ ಕೀಲಿನ ಧರ್ಮವಿಚಾರ

ಧರ್ಮಾಧರ್ಮಗಳ ವಿಚಾರವು ರಣರಂಗದಲ್ಲಿಯೋ ರಾಜಸಭೆಯಲ್ಲಿಯೋ ಮಾತ್ರ ಏಳತಕ್ಕುದೆಂದು ಭಾವಿಸುವುದು ಲೋಕದ ವಾಡಿಕೆ. ಅಂತಹ ಮಹಾಸಂದರ್ಭಗಳು ಸಾಮಾನ್ಯ ಮನುಷ್ಯನ ಪಾಲಿಗೆ ಬರುವುದು ವಿರಳ. ಬಂದಾಗ ಅವು ತಮ್ಮ ಮಹತ್ತ್ವವನ್ನು ತಾವೇ ಸಾರಿಕೊಂಡು ಬರುತ್ತವೆ. ಸಂಸಾರದ ಸಣ್ಣ ಪ್ರಸಂಗಗಳಾದರೋ ಖರ್ಚುವೆಚ್ಚದ ವೇಷವನ್ನು ತೊಟ್ಟು ಬರುತ್ತವೆ. ಅವುಗಳೊಳಗಿನ ಧರ್ಮಪ್ರಶ್ನೆಯು ಲೆಕ್ಕದ ಪುಸ್ತಕದ ಸಾಲುಗಳ ನಡುವೆ ಮರೆಯಾಗಿಬಿಡುತ್ತದೆ. ಹಳೆಯ ಮೋಟಾರು ಕಾರಿನ ಸವೆದ ಕೀಲುಗಳನ್ನು ಎಂದು ಬದಲಿಸಬೇಕೆಂಬುದು ಇಂತಹ ಪ್ರಶ್ನೆಗಳಲ್ಲಿ ಒಂದು. ಮೇಲುನೋಟಕ್ಕೆ ಇದು ಮೇಸ್ತ್ರಿಗೂ ಯಜಮಾನನ ಹಣದ ಚೀಲಕ್ಕೂ ಸಂಬಂಧಪಟ್ಟ ವಿಷಯ. ಆದರೆ ಇನ್ನೂ ಮುರಿಯದಿರುವ, ಸರಿಯಾಗಿಯೂ ಇಲ್ಲದಿರುವ ಒಂದು ವಸ್ತುವನ್ನು ಎಷ್ಟು ದಿನ ನಂಬಬಹುದು, ಯಾರ ಪ್ರಾಣವನ್ನು ಒತ್ತೆಯಿಟ್ಟು ನಂಬಬಹುದು ಎಂದು ಕೇಳಿದ ಕೂಡಲೆ ವಿಷಯವು ಗ್ಯಾರೇಜಿನ ಹೊಸ್ತಿಲನ್ನು ದಾಟಿ ನೀತಿವಿಚಾರದ ಅಂಗಳಕ್ಕೆ ಬಂದು ನಿಲ್ಲುತ್ತದೆ.

ಈ ಪ್ರಶ್ನೆಯು ಕನ್ನಡನಾಡಿನ ಮನೆಗಳಿಗೆ ಅಪರಿಚಿತವಾದುದಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಅನುಸರಿಸಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯವರು ಬಂಗಾಳದ ಉತ್ತರಪಾಡದಲ್ಲಿ ತಯಾರಿಸುತ್ತಿದ್ದ ಅಂಬಾಸಿಡರ್ ಕಾರು 1950ರ ದಶಕದ ಕೊನೆಯಿಂದ 2014ರ ವರೆಗೆ ಹೊರಬಂದಿತು. 1983ರಲ್ಲಿ ಆರಂಭವಾದ ಮಾರುತಿ 800 ಕಾರಿನ ತಯಾರಿಕೆಯೂ ಅದೇ 2014ರಲ್ಲಿ ನಿಂತಿತು. ಆದಕಾರಣ ಇಂದು ಬೀದಿಯಲ್ಲಿ ಕಾಣುವ ಈ ಎರಡು ಜಾತಿಯ ಕಾರುಗಳಲ್ಲಿ ಹೊಸದೆಂಬುದು ಒಂದೂ ಇಲ್ಲ. ಎಲ್ಲವೂ ಹತ್ತು ವರ್ಷಗಳನ್ನು ದಾಟಿದವು, ಅನೇಕವು ಮೂವತ್ತನ್ನು ದಾಟಿದವು. ಇವು ಇನ್ನೂ ನಿವೃತ್ತರಾದ ಉಪಾಧ್ಯಾಯರ ಮನೆಗಳಲ್ಲಿ, ಅಡಕೆ ತೋಟದ ಮನೆಗಳಲ್ಲಿ, ಸಣ್ಣ ವ್ಯಾಪಾರಸ್ಥರ ಮನೆಗಳಲ್ಲಿ ಮದುವೆ ಮುಂಜಿಗಳಿಗೂ ಆಸ್ಪತ್ರೆಯ ಪ್ರಯಾಣಕ್ಕೂ ಒದಗುತ್ತಿವೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿಯು 15 ವರ್ಷ ಊರ್ಜಿತವಾಗಿರುತ್ತದೆ. ಆಮೇಲೆ ಪರೀಕ್ಷೆಗೆ ಒಳಪಟ್ಟು 5 ವರ್ಷಕ್ಕೊಮ್ಮೆ ನವೀಕರಿಸಲ್ಪಡಬೇಕು. ಎರಡು ಪರೀಕ್ಷೆಗಳ ನಡುವಣ ದೀರ್ಘಕಾಲದಲ್ಲಿ ಕಾರಿನ ಅಡಿಯಲ್ಲಿ ಏನಾಗುತ್ತಿದೆಯೆಂಬುದನ್ನು ನೋಡತಕ್ಕ ಹೊಣೆಯು ಯಜಮಾನನದೇ. ಕಾಯಿದೆಯು ಸುಮ್ಮನಿರುವ ಅವಧಿಯಲ್ಲಿಯೇ ಧರ್ಮವು ಮಾತನಾಡಬೇಕಾಗುತ್ತದೆ.

ವಿಚಾರಕ್ಕೆ ತೊಡಗುವ ಮುನ್ನ ವಸ್ತುಸ್ಥಿತಿಯನ್ನು ತಿಳಿಯುವುದು ಒಳ್ಳೆಯದು. ಕಾರಿನ ಗಾಲಿಗಳಿಗೂ ಒಡಲಿಗೂ ನಡುವೆ ಇರುವ ಅಂಗಸಮೂಹಕ್ಕೆ ಸಸ್ಪೆನ್ಷನ್ ಎಂದು ಹೆಸರು. ಅದರಲ್ಲಿ ಮುಖ್ಯವಾದುವು ನಾಲ್ಕು. ಮೊದಲನೆಯದು ಭಾರವನ್ನು ಹೊರುವ ಸ್ಪ್ರಿಂಗು. ಅದು ಸುರುಳಿಯ ರೂಪದಲ್ಲಿರಬಹುದು, ಅಂಬಾಸಿಡರಿನ ಹಿಂಗಾಲಿಗಳಿಗಿರುವಂತೆ ಒಂದರ ಮೇಲೊಂದು ಜೋಡಿಸಿದ ಪಟ್ಟಿಗಳ ಕಮಾನಾಗಿರಬಹುದು, ಅದೇ ಕಾರಿನ ಮುಂಗಾಲಿಗಳಿಗಿರುವಂತೆ ತಿರುಚಿದರೆ ಮತ್ತೆ ನೆಟ್ಟಗಾಗುವ ಉಕ್ಕಿನ ಸರಳಾಗಿರಬಹುದು. ಎರಡನೆಯದು ಮೇಸ್ತ್ರಿಗಳು ಶಾಕಪ್ಪು ಎಂದು ಕರೆಯುವ ಶಾಕ್ ಅಬ್ಸಾರ್ಬರು. ಸ್ಪ್ರಿಂಗು ಒಮ್ಮೆ ಕುಣಿಯತೊಡಗಿದರೆ ತಾನಾಗಿ ಬೇಗ ನಿಲ್ಲುವುದಿಲ್ಲ. ಶಾಕಪ್ಪಿನೊಳಗಿನ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ಒತ್ತಲ್ಪಟ್ಟು ಆ ಕುಣಿತದ ಶಕ್ತಿಯನ್ನು ಶಾಖವಾಗಿ ಕಳೆದು ಗಾಲಿಯನ್ನು ನೆಲಕ್ಕೆ ಅಂಟಿಸಿಡುತ್ತದೆ. ಮೂರನೆಯದು ಕೀಲುಗಳಲ್ಲಿ ಕೂತಿರುವ ರಬ್ಬರಿನ ಬುಷ್ಷುಗಳು. ನಾಲ್ಕನೆಯದು ಬಾಲ್ ಜಾಯಿಂಟು; ಮನುಷ್ಯನ ಸೊಂಟದ ಕೀಲಿನಂತೆ ಒಂದು ಬಟ್ಟಲಿನಲ್ಲಿ ತಿರುಗುವ ಗುಂಡು. ಗಾಲಿಯು ಮೇಲೆ ಕೆಳಗೆ ಆಡುತ್ತಲೇ ಎಡಬಲಕ್ಕೂ ತಿರುಗಬೇಕಾದರೆ ಈ ಕೀಲೇ ಆಧಾರ.

ಇವೆಲ್ಲವೂ ಸವೆಯುತ್ತವೆ, ಆದರೆ ಸವೆಯುವ ರೀತಿ ಒಂದೇ ಅಲ್ಲ. ರಬ್ಬರು ಬಿಸಿಲು ಗಾಳಿ ಎಣ್ಣೆಗಳಿಂದ ಗಡುಸಾಗಿ ಬಿರಿಯುತ್ತದೆ. ಸ್ಪ್ರಿಂಗು ವರ್ಷಗಳ ಭಾರದಿಂದ ಕುಸಿಯುತ್ತದೆ. ಶಾಕಪ್ಪು ಎಣ್ಣೆ ಸೋರಿ ನಿಶ್ಶಕ್ತವಾಗುತ್ತದೆ. ಬಾಲ್ ಜಾಯಿಂಟಿನ ಮೇಲಿನ ರಬ್ಬರಿನ ಮುಸುಕು ಹರಿದರೆ ಧೂಳೂ ನೀರೂ ಒಳಹೊಕ್ಕು, ಗ್ರೀಸನ್ನು ತೊಳೆದು, ಗುಂಡನ್ನೂ ಬಟ್ಟಲನ್ನೂ ಮೆಲ್ಲಮೆಲ್ಲನೆ ತೇಯುತ್ತವೆ. ಇವುಗಳಲ್ಲಿ ಯಾವುದೂ ಒಂದು ರಾತ್ರಿಯಲ್ಲಿ ಆಗುವುದಲ್ಲ. ನಿನ್ನೆಯ ಕಾರಿಗೂ ಇಂದಿನ ಕಾರಿಗೂ ಕಾಣತಕ್ಕ ಭೇದವಿಲ್ಲ. ಇಂದಿನದಕ್ಕೂ ನಾಳೆಯದಕ್ಕೂ ಇರುವುದಿಲ್ಲ. ಧರ್ಮಸಂಕಟವು ಹುಟ್ಟುವುದು ಇಲ್ಲಿಯೇ.

ರಾಶಿಯಿಂದ ಒಂದೊಂದೇ ಕಾಳನ್ನು ತೆಗೆಯುತ್ತ ಹೋದರೆ ಯಾವ ಕಾಳನ್ನು ತೆಗೆದಾಗ ಅದು ರಾಶಿಯೆಂಬ ಹೆಸರನ್ನು ಕಳೆದುಕೊಳ್ಳುತ್ತದೆ ಎಂದು ಪ್ರಾಚೀನ ಗ್ರೀಕ್ ತಾರ್ಕಿಕರು ಕೇಳಿದರು. ಸವೆತದ ಪ್ರಶ್ನೆಯೂ ಅದೇ ಜಾತಿಯದು. ನಿನ್ನೆ ಓಡಿಸಬಹುದಾಗಿದ್ದ ಕಾರನ್ನು ಇಂದು ಓಡಿಸಬಾರದೆನ್ನಲು ಕಾರಣ ತೋರದು. ಇಂದು ಓಡಿಸಬಹುದಾದರೆ ನಾಳೆಯೂ ಓಡಿಸಬಹುದು. ಹೀಗೆ ದಿನಕ್ಕೆ ದಿನವನ್ನು ಹೆಣೆಯುತ್ತ ಹೋದರೆ ಗಾಲಿ ಕಳಚುವ ದಿನದ ವರೆಗೂ ಈ ತರ್ಕವು ನಿರಾತಂಕವಾಗಿ ನಡೆಯುತ್ತದೆ. ‘ಇನ್ನೂ ಸ್ವಲ್ಪ ದಿನ ಓಡುತ್ತದೆ’ ಎಂಬ ಮಾತಿನ ಮೋಹವು ಇದರಲ್ಲಿದೆ. ಅದು ಹೇಳಿದ ದಿನ ಸತ್ಯ. ಮರುದಿನವೂ ಬಹುಶಃ ಸತ್ಯ. ಆದರೆ ಅದು ಸುಳ್ಳಾಗುವ ದಿನವು ತನ್ನನ್ನು ಮುಂಚಿತವಾಗಿ ಪರಿಚಯಿಸಿಕೊಳ್ಳುವುದಿಲ್ಲ.

ಗೆರೆಯು ಪ್ರಕೃತಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಗೆರೆಯನ್ನು ಎಳೆಯುವ ಹೊಣೆಯು ಮನುಷ್ಯನಿಗೆ ತಪ್ಪುವುದಿಲ್ಲ. ಹಗಲಿಗೂ ಇರುಳಿಗೂ ನಡುವೆ ಗೆರೆಯಿಲ್ಲ. ಆದರೂ ದೀಪ ಹಚ್ಚುವ ಹೊತ್ತು ಎಂಬುದೊಂದುಂಟು. ಬ್ರಿಟನ್ನಿನ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ಪರೀಕ್ಷೆಯನ್ನು ಕಡ್ಡಾಯ ಮಾಡಿದರು. 1967ರ ವೇಳೆಗೆ ಆ ಗಡಿಯನ್ನು ಮೂರು ವರ್ಷಕ್ಕೆ ಇಳಿಸಿದರು. ಕಾರುಗಳು ಏಳು ವರ್ಷಗಳಲ್ಲಿ ಅಷ್ಟು ಬೇಗ ಮುದಿಯಾಗತೊಡಗಿದುವೆಂದು ಇದರ ಅರ್ಥವಲ್ಲ. ಮೊದಲು ಎಳೆದ ಗೆರೆಯು ತಡವಾದುದೆಂಬುದು ಅನುಭವದಿಂದ ಕಂಡುಬಂದಿತು. 2018ರಲ್ಲಿ ಅವರು ದೋಷಗಳನ್ನು ಅಪಾಯಕರ, ಗುರುತರ, ಲಘು ಎಂದು ವಿಂಗಡಿಸಿದರು; ಇವುಗಳ ಕೆಳಗೆ, ಇನ್ನೂ ದೋಷವಾಗದಿದ್ದರೂ ಕಣ್ಣಿಟ್ಟಿರತಕ್ಕುದೆಂಬ ಸೂಚನೆಗೂ ಒಂದು ಸ್ಥಾನವುಂಟು. ಒಳ್ಳೆಯದು ಕೆಟ್ಟದು ಎಂಬ ಎರಡೇ ಮಾತುಗಳಿಂದ ಸವೆತವನ್ನು ಅಳೆಯಲಾಗದೆಂಬ ವಿವೇಕವು ಈ ವಿಂಗಡಣೆಯಲ್ಲಿ ಅಡಗಿದೆ.

ಸವೆತವನ್ನು ಕಾಣುವುದಕ್ಕೆ ಇನ್ನೊಂದು ಅಡ್ಡಿಯುಂಟು; ಅದು ಅಭ್ಯಾಸ. ದಿನವೂ ಕಾರನ್ನು ನಡೆಸುವವನ ಕೈಗಳು ಅದರ ದೋಷಕ್ಕೆ ತಾವಾಗಿ ಒಗ್ಗಿಕೊಳ್ಳುತ್ತವೆ. ಕಾರು ಎಡಕ್ಕೆ ಎಳೆದರೆ ಅವನು ಅರಿಯದೆಯೇ ಸ್ಟಿಯರಿಂಗನ್ನು ಬಲಕ್ಕೆ ಹಿಡಿದಿರುತ್ತಾನೆ. ಹಳ್ಳ ಬಂದಾಗ ಮುಂಗಡೆಯಿಂದ ಬರುವ ಟಕಟಕ ಸದ್ದು ಮೊದಲ ವಾರ ಕಿವಿಗೆ ಚುಚ್ಚುತ್ತದೆ, ಮುಂದಿನ ತಿಂಗಳು ಕೇಳಿಸುವುದೇ ಇಲ್ಲ. ಬಹುದಿನದ ಮೇಲೆ ಊರಿಗೆ ಬಂದ ನೆಂಟನು ಆ ಕಾರಿನಲ್ಲಿ ಕುಳಿತ ಕೂಡಲೆ ‘ಇದೇನು ಸದ್ದು?’ ಎಂದು ಕೇಳುತ್ತಾನೆ. ಯಜಮಾನನು ‘ಅದು ಮೊದಲಿನಿಂದಲೂ ಹಾಗೆಯೇ’ ಎನ್ನುತ್ತಾನೆ. ಮೊದಲಿನಿಂದಲೂ ಹಾಗಿರಲಿಲ್ಲ, ಹಾಗಲ್ಲದಿದ್ದ ಕಾಲದ ನೆನಪು ಅಳಿಸಿಹೋಗಿದೆ, ಅಷ್ಟೆ. ತನ್ನ ಸ್ವಭಾವದ ದೋಷಗಳಿಗೆ ಮನುಷ್ಯನು ಒಗ್ಗಿಹೋಗುವುದೂ ಹೀಗೆಯೇ ಅಲ್ಲವೇ? ತನ್ನ ವಸ್ತುವಿನ ವಿಷಯದಲ್ಲಿ ತಾನೇ ದುರ್ಬಲ ಸಾಕ್ಷಿಯೆಂದು ತಿಳಿದು, ಹೊರಗಿನವನ ಕೈಗೂ ಕಿವಿಗೂ ಆಗಾಗ ಅದನ್ನು ಒಪ್ಪಿಸುವುದು ವಿವೇಕದ ಮೊದಲ ಮೆಟ್ಟಿಲು.

ಇನ್ನು ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಮುರಿಯದುದನ್ನು ಕಿತ್ತು ಹಾಕುವುದು ದುಂದುಗಾರಿಕೆಯೆಂದು ಹಿರಿಯರು ಹೇಳುತ್ತಾರೆ. ಅದು ಜಿಪುಣನ ಮಾತೆಂದು ತಳ್ಳತಕ್ಕುದಲ್ಲ. ಒಂದೊಂದು ವಸ್ತುವಿನಲ್ಲಿಯೂ ಅದಿರು, ಬೆಂಕಿ, ಮನುಷ್ಯನ ಬೆವರು ಸೇರಿರುತ್ತವೆ. ಅದರ ಆಯುಸ್ಸನ್ನು ಪೂರ್ತಿಯಾಗಿ ಬಳಸುವುದು ಆ ದುಡಿಮೆಗೆ ಸಲ್ಲಿಸುವ ಗೌರವ. ಅಲ್ಲದೆ ಹೊಸದೆಲ್ಲವೂ ಒಳ್ಳೆಯದೆಂಬ ನಿಯಮವೂ ಇಲ್ಲ. ಹಳೆಯ ಕಾರುಗಳ ಅಂಗಗಳೆಂದು ಪೇಟೆಯಲ್ಲಿ ದೊರಕುವುದರಲ್ಲಿ ಕಳಪೆಯೂ ಇರುತ್ತದೆ. ಚೆನ್ನಾಗಿ ತಯಾರಾದ ಹಳೆಯ ಕೀಲನ್ನು ಕಳಚಿ ಕಳಪೆಯಾದ ಹೊಸ ಕೀಲನ್ನು ತೊಡಿಸಿದರೆ ಲಾಭವೇನು? 1978ರಲ್ಲಿ ಅಮೆರಿಕದ ನೌಲನ್ ಮತ್ತು ಹೀಪ್ ಎಂಬ ಇಬ್ಬರು ವಿಮಾನಗಳ ಪಾಲನೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ವಿಮಾನದ ಭಾಗಗಳಲ್ಲಿ ನೂರಕ್ಕೆ ಸುಮಾರು 11 ಮಾತ್ರ ವಯಸ್ಸನ್ನು ನೋಡಿ ಬದಲಿಸುವುದರಿಂದ ಪ್ರಯೋಜನ ಹೊಂದತಕ್ಕುವೆಂದು ತೋರಿಸಿದರು. ವರ್ಷವನ್ನು ಎಣಿಸಿ ಎಲ್ಲವನ್ನೂ ಬದಲಿಸುವುದು ಜಾಣತನವಲ್ಲವೆಂದು ಇದರಿಂದ ತಿಳಿಯುತ್ತದೆ.

ಆದರೆ ಅದೇ ಗ್ರಂಥವು ಇನ್ನೊಂದು ಮಾತನ್ನೂ ಹೇಳಿತು. ದುಂದಿನ ಭಯವುಳ್ಳವರು ಅದನ್ನು ಬಿಟ್ಟುಬಿಡಬಾರದು. ಒಂದು ಭಾಗವನ್ನು ಹೇಗೆ ನೋಡಿಕೊಳ್ಳಬೇಕೆಂಬುದು ಅದರ ವಯಸ್ಸಿಗಿಂತ ಹೆಚ್ಚಾಗಿ ಅದು ಕೆಟ್ಟರೆ ಏನಾಗುತ್ತದೆಯೆಂಬುದನ್ನು ಅವಲಂಬಿಸಿದೆ. ಕೆಟ್ಟರೆ ಕೇವಲ ಹಣ ನಷ್ಟವಾಗುವುದೊಂದು ಬಗೆ. ಪ್ರಾಣಕ್ಕೆ ಸಂಚಕಾರವಾಗುವುದು ಇನ್ನೊಂದು ಬಗೆ. ಅದಲ್ಲದೆ ಉಜ್ಜಾಟದಿಂದ ತೇಯುವ ಸರಳವಾದ ಯಂತ್ರಾಂಗಗಳು ವಯಸ್ಸಿನೊಡನೆ ಕೆಡುತ್ತವೆಂಬುದನ್ನು ಆ ಗ್ರಂಥಕಾರರೂ ಒಪ್ಪಿದರು. ಕಾರಿನ ಕೀಲುಗಳು ಬಹುಮಟ್ಟಿಗೆ ಈ ಜಾತಿಯವು.

ಹಳ್ಳಿಗಾಡಿನ ಅನುಭವವು ಇದನ್ನು ಬಹು ಹಿಂದೆಯೇ ಬಲ್ಲದು. ಎತ್ತಿನ ಗಾಡಿಯ ಹಾಸಿನ ಹಲಗೆ ಬಿರಿದರೆ ಗಾಡಿ ಕಟ್ಟುವವನು ಸುಗ್ಗಿ ಮುಗಿಯಲೆಂದು ಕಾಯುತ್ತಾನೆ. ಕಡೆಗೀಲು ಸವೆದರೆ ಕಾಯುವುದಿಲ್ಲ. ಹಲಗೆಯ ಬೆಲೆ ಹೆಚ್ಚು, ಕಡೆಗೀಲಿನ ಬೆಲೆ ಕಡಮೆ. ಬೆಲೆಗೂ ಮಹತ್ತ್ವಕ್ಕೂ ಸಂಬಂಧವಿಲ್ಲ. ಹಲಗೆ ಬಿರಿದರೆ ನಾಲ್ಕು ಹಿಡಿ ಕಾಳು ಚೆಲ್ಲುತ್ತದೆ, ಕಡೆಗೀಲು ಕಳಚಿದರೆ ಗಾಲಿಯೇ ಉರುಳಿಹೋಗುತ್ತದೆ. ಕಾರಿನ ಅಂಗಗಳಲ್ಲಿಯೂ ಈ ವಿವೇಚನೆ ಸಲ್ಲುತ್ತದೆ. ಬುಷ್ಷು ಸವೆದರೆ ಸದ್ದು ಬರುತ್ತದೆ, ಟೈರು ಓರೆಯಾಗಿ ತೇಯುತ್ತದೆ, ಕಾರು ನೆಟ್ಟಗೆ ಹೋಗಲು ಸತಾಯಿಸುತ್ತದೆ; ಆದರೆ ಅದು ಬಹುಕಾಲ ಎಚ್ಚರಿಕೆ ಕೊಡುತ್ತ ಕೆಡುತ್ತದೆ. ಬಾಲ್ ಜಾಯಿಂಟು ಹೀಗಲ್ಲ. ಅದೂ ಸದ್ದು ಮಾಡಬಹುದು, ಮಾಡದೆಯೂ ಇರಬಹುದು. ಗುಂಡು ಬಟ್ಟಲಿನಿಂದ ಕಳಚಿದ ಕ್ಷಣದಲ್ಲಿ ಗಾಲಿಯು ಪಕ್ಕಕ್ಕೆ ಚಾಚಿ, ಕಾರು ಆ ಮೂಲೆಗೆ ಕುಸಿದು, ಸ್ಟಿಯರಿಂಗು ಹಿಡಿದವನ ಕೈಯಲ್ಲಿ ಬರಿಯ ಬಳೆ ಉಳಿಯುತ್ತದೆ.

ಶಾಕಪ್ಪು ಈ ಎರಡರ ನಡುವಣದು. ಅದು ಕೆಟ್ಟರೆ ಕಾರು ನಿಲ್ಲುವುದಿಲ್ಲ. ಆದುದರಿಂದಲೇ ಜನ ಅದನ್ನು ಸುಖದ ವಿಷಯವೆಂದು ಎಣಿಸುತ್ತಾರೆ. ಆದರೆ ಒರಟು ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಕುಣಿಯುವ ಗಾಲಿಯು ನೆಲವನ್ನು ಬಿಟ್ಟು ಏಳುತ್ತದೆ. ನೆಲವನ್ನು ಮುಟ್ಟದ ಗಾಲಿಗೆ ಬ್ರೇಕಿದ್ದೂ ಫಲವಿಲ್ಲ. ಒಂದೇ ಅಂಗವು ಬೇರೆ ಬೇರೆ ಕಾರುಗಳಲ್ಲಿ ಬೇರೆ ಬೇರೆ ಹೊಣೆಯನ್ನು ಹೊತ್ತಿರುವುದೂ ಉಂಟು. ಅಂಬಾಸಿಡರಿನ ಹಿಂದಿನ ಪಟ್ಟಿಕಮಾನು ಭಾರವನ್ನು ಹೊರುವುದಷ್ಟೇ ಅಲ್ಲ, ಹಿಂದಿನ ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿರುವುದೂ ಅದೇ. ಕೆಳಗಿನ ಗಿಡ್ಡ ಪಟ್ಟಿಯೊಂದು ಮುರಿದರೆ ಗಾಡಿ ಸ್ವಲ್ಪ ಓರೆಯಾಗುತ್ತದೆ. ಎರಡು ತುದಿಗಳಲ್ಲಿ ಒಡಲಿಗೆ ಸೇರಿರುವ ಮೇಲಿನ ಪಟ್ಟಿ ಮುರಿದರೆ ಅಚ್ಚೇ ಸ್ಥಾನ ತಪ್ಪುತ್ತದೆ. ಹೆಸರನ್ನು ಕೇಳಿ ತೀರ್ಪು ಹೇಳಬಾರದು, ಕಾರ್ಯವನ್ನು ನೋಡಿ ಹೇಳಬೇಕು.

ಇಷ್ಟರಿಂದ ಏನಾಗುತ್ತದೆಯೆಂಬ ಪ್ರಶ್ನೆಗೆ ಉತ್ತರ ಬಂದಿತು. ಯಾರಿಗೆ ಆಗುತ್ತದೆಯೆಂಬುದು ಉಳಿದಿದೆ. ಧರ್ಮವಿಚಾರದ ತಿರುಳು ಇದು. ತನ್ನೊಬ್ಬನ ಮೈಯನ್ನೇ ಪಣವಾಗಿಡುವವನಿಗೆ ಲೋಕವು ಹೆಚ್ಚಿನ ಸ್ವಾತಂತ್ರ್ಯವನ್ನು ಕೊಡುತ್ತದೆ. ಆದರೆ ಕಾರಿನಲ್ಲಿ ಒಬ್ಬನೇ ಇರುವುದು ಅಪರೂಪ. ಹಿಂದಿನ ಆಸನದಲ್ಲಿ ನಿದ್ದೆ ಹೋದ ಮಗುವಿಗೆ ಬಾಲ್ ಜಾಯಿಂಟಿನ ಹೆಸರೇ ತಿಳಿಯದು. ಮನೆಯಾಕೆಗೆ ಮೇಸ್ತ್ರಿ ಹೇಳಿದ ಮಾತು ತಲಪಿರುವುದಿಲ್ಲ. ಸಂಬಳಕ್ಕೆ ಕಾರು ನಡೆಸುವ ಚಾಲಕನಿಗೆ ಎಲ್ಲವೂ ತಿಳಿದಿರುತ್ತದೆ. ಆದರೆ ‘ಈ ಕಾರನ್ನು ಘಟ್ಟಕ್ಕೆ ಒಯ್ಯುವುದಿಲ್ಲ, ಸ್ವಾಮಿ’ ಎಂದು ಹೇಳಿದರೆ ಮರುದಿನದ ಅನ್ನದ ಗತಿಯೇನೆಂಬ ಚಿಂತೆ ಅವನ ಬಾಯನ್ನು ಕಟ್ಟುತ್ತದೆ. ಅವನ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಅನ್ಯಾಯ. ಇವರೆಲ್ಲರಿಗಿಂತ ಹೊರಗೆ, ರಸ್ತೆಯ ಅಂಚಿನಲ್ಲಿ ಹುಲ್ಲಿನ ಹೊರೆ ಹೊತ್ತು ನಡೆಯುವ ಹೆಂಗಸು ಒಬ್ಬಳಿದ್ದಾಳೆ. ಕೀಲನ್ನು ಮುಂದಿನ ತಿಂಗಳಿಗೆ ಮುಂದೂಡಿದ್ದರಿಂದ ಉಳಿದ ಹಣದಲ್ಲಿ ಅವಳಿಗೆ ಪಾಲಿಲ್ಲ. ಅದರ ಅಪಾಯದಲ್ಲಿ ಮಾತ್ರ ಪಾಲುಂಟು. ಲಾಭವು ಒಬ್ಬನಿಗೂ ಅಪಾಯವು ಇನ್ನೊಬ್ಬನಿಗೂ ಹಂಚಿಕೆಯಾಗುವ ಉಳಿತಾಯಕ್ಕೆ ಮಿತವ್ಯಯವೆಂಬ ಹೆಸರು ಸಲ್ಲದು. ಅದು ಕೇಳದೆ ಪಡೆದ ಸಾಲ.

ಆಂಗ್ಲ ಗಣಿತಜ್ಞ ವಿಲಿಯಂ ಕಿಂಗ್‌ಡನ್ ಕ್ಲಿಫರ್ಡನು 1877ರಲ್ಲಿ ನಂಬಿಕೆಯ ನೀತಿಯನ್ನು ಕುರಿತು ಒಂದು ಪ್ರಬಂಧವನ್ನು ಬರೆದನು. ಅದರ ಮೊದಲಲ್ಲಿ ಒಬ್ಬ ಹಡಗಿನ ಯಜಮಾನನ ದೃಷ್ಟಾಂತವಿದೆ. ಅವನ ಹಡಗು ಹಳೆಯದು, ಪದೇಪದೇ ದುರಸ್ತಿಯನ್ನು ಬೇಡುತ್ತಿದ್ದುದು. ದೇಶ ಬಿಟ್ಟು ಹೋಗುವ ಸಂಸಾರಗಳನ್ನು ಅದರಲ್ಲಿ ಕಳುಹಿಸಬೇಕಾಗಿದ್ದಿತು. ಅವನ ಮನಸ್ಸಿನಲ್ಲಿ ಶಂಕೆ ಹುಟ್ಟಿತು. ಪರೀಕ್ಷೆ ಮಾಡಿಸಿದರೆ ಬಹಳ ವೆಚ್ಚವಾಗುತ್ತಿತ್ತು. ಇಷ್ಟು ಪ್ರಯಾಣಗಳನ್ನು ಕ್ಷೇಮವಾಗಿ ಮುಗಿಸಿದ ಹಡಗು ಇದನ್ನೂ ಮುಗಿಸುವುದೆಂದೂ ದೈವವು ಕಾಪಾಡುವುದೆಂದೂ ತನ್ನನ್ನು ತಾನು ಸಮಾಧಾನಪಡಿಸಿಕೊಂಡು, ಕೊನೆಗೆ ಹಡಗು ಭದ್ರವೆಂದು ಪ್ರಾಮಾಣಿಕವಾಗಿಯೇ ನಂಬಿ ಬೀಳ್ಕೊಟ್ಟನು. ಹಡಗು ಸಮುದ್ರಮಧ್ಯದಲ್ಲಿ ಮುಳುಗಿತು. ಅವನು ವಿಮೆಯ ಹಣವನ್ನು ಪಡೆದನು. ಅವನು ಅಪರಾಧಿಯೆಂದು ಕ್ಲಿಫರ್ಡನ ತೀರ್ಪು. ಅಷ್ಟೇ ಅಲ್ಲ, ಹಡಗು ಮುಳುಗದೆ ದಡ ಸೇರಿದ್ದರೂ ಅವನ ಅಪರಾಧವು ಕಿಂಚಿತ್ತೂ ಕಡಮೆಯಾಗುತ್ತಿರಲಿಲ್ಲ. ಏಕೆಂದರೆ ಅವನ ನಂಬಿಕೆಯು ಪರೀಕ್ಷೆಯಿಂದ ಬಂದುದಲ್ಲ, ಶಂಕೆಯನ್ನು ಅಡಗಿಸಿ ಪಡೆದುದು.

ಈ ದೃಷ್ಟಾಂತವು ಹಳೆಯ ಕಾರಿಗೆ ಅಕ್ಷರಶಃ ಹೊಂದುತ್ತದೆ. ‘ಇಷ್ಟು ವರ್ಷ ಏನೂ ಆಗಲಿಲ್ಲ’ ಎಂಬ ಮಾತು ಹಡಗಿನ ಯಜಮಾನನ ಮಾತೇ. ತೇಯುವ ವಸ್ತುವಿನ ವಿಷಯದಲ್ಲಿ ಕಳೆದ ಪ್ರಯಾಣಗಳು ಮುಂದಿನ ಪ್ರಯಾಣಕ್ಕೆ ಜಾಮೀನು ಕೊಡುವುದಿಲ್ಲ. ಒಂದೊಂದೂ ಬಂಡವಾಳದಿಂದ ಕಳೆದ ಒಂದೊಂದು ಕಾಸು. ಹಾಗಾದರೆ ಗೃಹಸ್ಥನು ಯಂತ್ರಶಾಸ್ತ್ರವನ್ನೆಲ್ಲ ಕಲಿಯಬೇಕೇ ಎಂದು ಯಾರಾದರೂ ಕೇಳಬಹುದು. ಬೇಕಾಗಿಲ್ಲ. ಕೇಳುವ ಮನಸ್ಸೂ ನೋಡುವ ಮನಸ್ಸೂ ಇದ್ದರೆ ಸಾಕು. ಗಾಲಿಯನ್ನು ಜಾಕಿನಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಕೀಲಿನ ಸಡಿಲವು ಕೈಗೆ ತಿಳಿಯುತ್ತದೆ. ಕಾರಿನ ಮೂಲೆಯನ್ನು ಒತ್ತಿ ಬಿಟ್ಟಾಗ ಅದು ಒಮ್ಮೆ ಎದ್ದು ನಿಲ್ಲದೆ ತೂಗುತ್ತಲೇ ಇದ್ದರೆ ಶಾಕಪ್ಪು ಸತ್ತಿದೆಯೆಂದು ಅರ್ಥ; ನಿಂತರೆ ಪೂರ್ತಿ ಚೆನ್ನಾಗಿದೆಯೆಂದು ಮಾತ್ರ ಅರ್ಥವಲ್ಲ. ದೀಪ ಹಿಡಿದು ಬಗ್ಗಿದರೆ ಹರಿದ ರಬ್ಬರೂ ಒದ್ದೆಯಾದ ಎಣ್ಣೆಯ ಗುರುತೂ ಕಾಣುತ್ತವೆ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಬದಲಿಸುವ ಕಾಲವು ಚರ್ಚಾಸ್ಪದವಾಗಿರಬಹುದು. ನೋಡುವ ಕಾಲವು ಚರ್ಚಾಸ್ಪದವಲ್ಲ. ಕಂಡರೆ ಖರ್ಚು ಬಂದೀತೆಂದು ನೋಡದಿರುವವನು ಅಜ್ಞಾನಿಯಲ್ಲ; ಅವನು ಬೇಕಾದಷ್ಟು ತಿಳಿದೇ ಕಣ್ಣು ಮುಚ್ಚಿದ್ದಾನೆ.

ಇಲ್ಲಿ ಕಠಿನವಾದ ಆಕ್ಷೇಪವೊಂದು ಏಳುತ್ತದೆ. ಹಳೆಯ ಕಾರನ್ನು ಇಟ್ಟುಕೊಂಡವರಲ್ಲಿ ಅನೇಕರು ಹೊಸದನ್ನು ಕೊಳ್ಳಲಾರದವರು. ಮಗಳ ಕಾಲೇಜಿನ ಶುಲ್ಕಕ್ಕೂ ಕಾರಿನ ಕೀಲಿಗೂ ಒಂದೇ ತಿಂಗಳಿನಲ್ಲಿ ಹಣ ಬೇಕಾದಾಗ ಕೀಲು ಹಿಂದೆ ಬೀಳುವುದು ಸಹಜ. ಅವರಿಗೆ ಧರ್ಮವನ್ನು ಬೋಧಿಸುವುದು ಉಂಡವನು ಹಸಿದವನಿಗೆ ಹೇಳುವ ವೇದಾಂತವಾಗದೇ? ಈ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಅದು ಬದಲಿಸುವುದು ಅಥವಾ ಹಾಗೆಯೇ ಓಡಿಸುವುದು ಎಂಬ ಎರಡೇ ದಾರಿಗಳಿವೆಯೆಂದು ಎಣಿಸುತ್ತದೆ. ಮೂರನೆಯದೂ ಉಂಟು, ಬದಲಿಸುವ ವರೆಗೆ ಕಡಮೆ ಓಡಿಸುವುದು, ಮೆಲ್ಲಗೆ ಓಡಿಸುವುದು, ಅವಶ್ಯವಾದರೆ ನಿಲ್ಲಿಸಿಬಿಡುವುದು. ಗಂಟೆಗೆ 30 ಕಿಲೋಮೀಟರು ವೇಗದ ಕಾರಿಗಿಂತ 60ರ ಕಾರಿನಲ್ಲಿ ಚಲನಶಕ್ತಿಯು ನಾಲ್ಕು ಪಟ್ಟು. 60ರ ವೇಗದಲ್ಲಿ ಒಂದು ಸೆಕೆಂಡಿಗೆ ಅದು 16 ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಸಂತೆಬೀದಿಯಲ್ಲಿ ಕಳಚಿದ ಕೀಲು ಜನರನ್ನು ಕೂಡಿಸಿ ನಗೆಪಾಟಲು ಮಾಡಿ ಬಿಟ್ಟೀತು. ಆಗುಂಬೆ ಚಾರ್ಮಾಡಿಗಳ ತಿರುವಿನಲ್ಲಿ ಕಳಚಿದರೆ ಹಾಗೆ ಬಿಡದು. ಸವೆದ ಕಾರಿನಲ್ಲಿ ಘಟ್ಟ ಇಳಿಯದೆ ಬಸ್ಸಿನಲ್ಲಿ ಹೋಗುವುದು ಬಡತನಕ್ಕೂ ಸಾಧ್ಯ. ಹಣವಿಲ್ಲದವನಿಗೆ ಕೀಲನ್ನು ತಡವಾಗಿ ಬದಲಿಸುವ ಹಕ್ಕು ಉಂಟೆಂದಾದರೂ ಒಪ್ಪಬಹುದು. ತಡಮಾಡಿದ ಕೀಲನ್ನು ಇತರರ ಮೇಲೆ ವೇಗವಾಗಿ ಓಡಿಸುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ದೋಷವನ್ನು ಹೇಳದೆ ಕಾರನ್ನು ಮತ್ತೊಬ್ಬನಿಗೆ ಮಾರಿ ಕೈತೊಳೆದುಕೊಳ್ಳುವುದು ಬಿಡುಗಡೆಯಲ್ಲ. ಅಪಾಯವನ್ನು ಅರಿಯದವನ ತಲೆಗೆ ಕಟ್ಟಿದಂತಾಗುತ್ತದೆ.

ಯಜಮಾನನ ಧರ್ಮದೊಡನೆ ಮೇಸ್ತ್ರಿಯ ಧರ್ಮವೂ ಹೆಣೆದುಕೊಂಡಿದೆ. ಎಲ್ಲವನ್ನೂ ಬದಲಿಸಬೇಕೆನ್ನುವ ಮೇಸ್ತ್ರಿ ಒಬ್ಬ. ಯಜಮಾನನ ಮುಖವನ್ನು ನೋಡಿ ಏನೂ ಆಗುವುದಿಲ್ಲವೆನ್ನುವವನು ಇನ್ನೊಬ್ಬ. ಮೊದಲನೆಯವನು ಹಣವನ್ನು ಕದಿಯುತ್ತಾನೆ, ಎರಡನೆಯವನು ಎಚ್ಚರವನ್ನು ಕದಿಯುತ್ತಾನೆ. ಮೊದಲನೆಯವನಿಂದ ಮೋಸ ಹೋದವನು ಮುಂದೆ ಸತ್ಯ ಹೇಳುವವನನ್ನೂ ನಂಬದಂತಾಗುವುದು ದೊಡ್ಡ ಅನರ್ಥ. ಒಳ್ಳೆಯ ಮೇಸ್ತ್ರಿಯು ತೆಗೆದ ಹಳೆಯ ಕೀಲನ್ನು ಯಜಮಾನನ ಕೈಯಲ್ಲಿಟ್ಟು ಅದರ ಸಡಿಲವನ್ನು ತೋರಿಸುತ್ತಾನೆ. ಇದು ಇಂದೇ, ಅದು ಮಳೆಗಾಲಕ್ಕೆ ಮುಂಚೆ, ಮತ್ತೊಂದು ಕಂಡಂತೆ ಎಂದು ವಿಂಗಡಿಸುತ್ತಾನೆ. ಶಾಕಪ್ಪನ್ನು ಬದಲಿಸುವಾಗ ಒಂದು ಪಕ್ಕದ್ದನ್ನು ಮಾತ್ರ ಬದಲಿಸದೆ ಅದೇ ಅಚ್ಚಿನ ಎರಡನ್ನೂ ಬದಲಿಸುತ್ತಾನೆ. ಏಕೆಂದರೆ ಒಂದು ಗಾಲಿ ಬಿಗಿಯಾಗಿ ಇನ್ನೊಂದು ಸಡಿಲವಾದರೆ ಕಾರು ಎರಡು ಮನಸ್ಸಿನದಾಗುತ್ತದೆ. ರಬ್ಬರಿನ ಬುಷ್ಷನ್ನು ತೊಡಿಸಿದ ಮೇಲೆ ಕಾರಿನ ಭಾರವು ಗಾಲಿಗಳ ಮೇಲೆ ಕೂತ ಬಳಿಕವೇ ಬೋಲ್ಟನ್ನು ಬಿಗಿಯುತ್ತಾನೆ. ತೂಗುಬಿಟ್ಟ ಸ್ಥಿತಿಯಲ್ಲಿ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುತ್ತದೆ. ಈ ಕೊನೆಯ ಕೆಲಸವನ್ನು ಯಜಮಾನನು ಕಾಣಲಾರ, ಕೇಳಲಾರ. ಕಾಣದ ಕಡೆಯಲ್ಲಿ ಸರಿಯಾಗಿ ಮಾಡುವುದೇ ಕಸುಬಿನ ಪ್ರಾಮಾಣಿಕತೆ.

ಕೊನೆಯದಾಗಿ ಮಮತೆಯ ಮಾತು. ಹಳೆಯ ಕಾರು ತಂದೆ ಕೊಂಡದ್ದು, ಮದುವೆಯ ದಿಬ್ಬಣ ಕಂಡದ್ದು, ಮಗುವನ್ನು ಮೊದಲ ಸಲ ಮನೆಗೆ ತಂದದ್ದು. ಅದರ ಮೂಲ ಅಂಗಗಳನ್ನು ತೆಗೆದರೆ ಅದು ಅದೇ ಕಾರಾಗಿ ಉಳಿಯುವುದಿಲ್ಲವೆಂದು ಮನಸ್ಸು ಹಿಂಜರಿಯುವುದುಂಟು. ಮಿಲಿಂದಪ್ರಶ್ನವೆಂಬ ಬೌದ್ಧ ಗ್ರಂಥದಲ್ಲಿ ನಾಗಸೇನ ಭಿಕ್ಷುವು ಯವನ ದೊರೆ ಮಿಲಿಂದನನ್ನು, ಅವನು ಏರಿ ಬಂದ ರಥ ಯಾವುದೆಂದು ಕೇಳುತ್ತಾನೆ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಅಲ್ಲವೆಂದು ದೊರೆ ಒಪ್ಪುತ್ತಾನೆ. ಇವೆಲ್ಲದರ ಕೂಟಕ್ಕೆ ರಥವೆಂಬುದು ವ್ಯವಹಾರದ ಹೆಸರು. ಈ ಉತ್ತರವು ಇಲ್ಲಿ ಸಮಾಧಾನವನ್ನು ಕೊಡುತ್ತದೆ. ತಂದೆಯ ಕಾರೆಂಬುದು ಬುಷ್ಷಿನಲ್ಲಿಲ್ಲ, ಕೀಲಿನಲ್ಲಿಲ್ಲ. ಆದುದರಿಂದ ಅವುಗಳನ್ನು ಕಳಚಿದರೆ ತಂದೆಯ ನೆನಪು ಕಳಚುವುದಿಲ್ಲ. ನೆನಪು ಕುಳಿತಿರುವುದು ಅದರೊಳಗೆ ಕುಳಿತು ಬದುಕಿದ ಜನರಲ್ಲಿ. ಕೀಲನ್ನು ಉಳಿಸಲು ಹೋಗಿ ಆ ಜನರನ್ನೇ ಅಪಾಯಕ್ಕೆ ಒಡ್ಡುವ ಮಮತೆಯು ತನ್ನ ವಸ್ತುವನ್ನು ತಪ್ಪಾಗಿ ಗುರುತಿಸಿದ ಮಮತೆ.

ಹಾಗಾದರೆ ಬದಲಿಸುವ ಕಾಲ ಯಾವುದು? ತಿಂಗಳನ್ನೋ ಮೈಲಿಯನ್ನೋ ಹೆಸರಿಸುವ ಒಂದೇ ನಿಯಮವಿಲ್ಲ. ಆದರೆ ಮೂರು ಪ್ರಶ್ನೆಗಳುಂಟು. ಇದು ಮುರಿದರೆ ಏನಾಗುತ್ತದೆ? ಮುರಿಯುವ ಮುನ್ನ ಇದು ಹೇಳುತ್ತದೆಯೇ? ಆಗುವುದು ಯಾರಿಗೆ, ಅವರು ತಿಳಿದು ಒಪ್ಪಿರುವರೇ? ಸಣ್ಣ ತೊಂದರೆಯನ್ನು ತನಗೆ ಮಾತ್ರ ತರುವ, ಮುಂಚಿತವಾಗಿ ಹೇಳಿ ಕೆಡುವ ಅಂಗವನ್ನು ಅದರ ಆಯುಸ್ಸಿನ ಕೊನೆಯ ವರೆಗೂ ಬಳಸುವುದು ಮಿತವ್ಯಯ, ಅದರಲ್ಲಿ ದೋಷವಿಲ್ಲ. ಹೇಳದೆ ಕಳಚುವ, ಇತರರ ಪ್ರಾಣವನ್ನು ಹಿಡಿದಿರುವ ಅಂಗದಲ್ಲಿ ಸಡಿಲವು ಕೈಗೆ ಸಿಕ್ಕ ದಿನವೇ ಕಾಲ. ಆ ದಿನ ಹಣವಿಲ್ಲದಿದ್ದರೆ ಕಾರಿಗೆ ವಿಶ್ರಾಂತಿಯ ಕಾಲ. ಇವೆರಡರ ನಡುವಣದಕ್ಕೆ ಮಲೆನಾಡಿನ ಮನೆಗಳ ಪದ್ಧತಿಯು ಸಾಕಾದ ಮಾರ್ಗದರ್ಶಿ. ಅಲ್ಲಿಯವರು ಮಾಡು ಸೋರಲೆಂದು ಕಾಯುವುದಿಲ್ಲ. ಎಲ್ಲ ಹಂಚುಗಳನ್ನೂ ಕಿತ್ತೆಸೆಯುವುದೂ ಇಲ್ಲ. ಬೇಸಗೆಯ ಕೊನೆಯಲ್ಲಿ ಏಣಿ ಹಾಕಿ ಹತ್ತಿ, ಒಂದೊಂದು ಹಂಚನ್ನೂ ಕೈಯಾಡಿಸಿ ನೋಡಿ, ಒಡೆದುದನ್ನು ತೆಗೆದು, ಗಟ್ಟಿಯಾದುದನ್ನು ಅದರ ಸ್ಥಾನದಲ್ಲಿಯೇ ಬಿಟ್ಟು ಇಳಿಯುತ್ತಾರೆ. ಮಳೆ ಬಂದ ರಾತ್ರಿ ಮನೆಮಂದಿಯೆಲ್ಲ ನಿಶ್ಚಿಂತೆಯಿಂದ ಮಲಗುತ್ತಾರೆ. ಆ ನಿದ್ದೆಯ ಹಿಂದೆ ಏಣಿ ಹತ್ತಿದವನ ಒಂದು ಹಗಲಿನ ಕೆಲಸವಿದೆಯೆಂದು ಅವರಲ್ಲಿ ಬಹುಮಂದಿಗೆ ತಿಳಿದೂ ಇರುವುದಿಲ್ಲ.